ದೀಪ ಹಚ್ಚಿದ ಮೇಲಿನ ಹಾಲು

ಮೊನ್ನೆ ಸಂಜೆ ನಮ್ಮ ಮಹಡಿ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಹುಡುಗಿ ಪುಟ್ಟದೊಂದು ಸ್ಟೀಲ್ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು. “ಆಂಟಿ, ಹೆಪ್ಪಿಗೆ ಒಂದು ಚಮಚ ಮೊಸರು ಇದ್ರೆ ಕೊಡ್ತೀರಾ?” ನನ್ನ ಹೆಂಡತಿ ಆಗತಾನೆ ದೇವರ ಮುಂದೆ ದೀಪ ಹಚ್ಚಿ ಹೊರಗೆ ಬಂದಿದ್ದಳು. ಎಣ್ಣೆಬತ್ತಿಯ ವಾಸನೆ ಇನ್ನೂ ಪಡಸಾಲೆಯಲ್ಲಿತ್ತು. ಕೇಳಿದವರಿಗೆ ಕೇಳಿದ್ದಕ್ಕಿಂತ ಒಂದು ಹಿಡಿ ಜಾಸ್ತಿಯೇ ಕೊಡುವ ಹೆಂಗಸು ಅವಳು. ಆದರೂ, “ಬೆಳಗ್ಗೆ ಬಾಮ್ಮ, ಎಷ್ಟು ಬೇಕಾದ್ರೂ ಕೊಡ್ತೀನಿ. ಈಗ ದೀಪ ಹಚ್ಚಾಯ್ತಲ್ಲ” ಅಂದಳು. ದೀಪಕ್ಕೂ ಮೊಸರಿಗೂ ಏನು ಸಂಬಂಧ ಎಂದು ಹುಡುಗಿಗೆ ತಿಳಿಯಲಿಲ್ಲ. ನ್ಯಾಯ ಕೇಳುವವಳಂತೆ ನನ್ನ ಕಡೆ ನೋಡಿದಳು. ನಾನು ಪೇಪರನ್ನು ಒಂದಿಷ್ಟು ಮೇಲಕ್ಕೆತ್ತಿ ಹಿಡಿದುಕೊಂಡೆ.

ನಿಮ್ಮ ಮನೆಯಲ್ಲೂ ಈ ಕಾನೂನು ಇದ್ದೀತು. ಮುಸ್ಸಂಜೆ ಎಂದರೆ ಲಕ್ಷ್ಮಿ ಮನೆಯೊಳಗೆ ಬರುವ ಹೊತ್ತು. ಆ ಹೊತ್ತಿನಲ್ಲಿ ಹಾಲು, ಮೊಸರು, ಉಪ್ಪು ಹೊಸಿಲು ದಾಟಿ ಬೇರೆಯವರ ಮನೆಗೆ ಹೋದರೆ ಅವಳೂ ಅವುಗಳ ಹಿಂದೆಯೇ ಹೊರಟುಬಿಡುತ್ತಾಳೆ. ಚಾಮರಾಜನಗರದಲ್ಲಿ ನಮ್ಮ ಬೀದಿಗೆ ಎಲ್‌ಇಡಿ ದೀಪ ಬಂದು, ಹಾಲು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬಂದು, ಎಷ್ಟೋ ವರ್ಷವಾಯಿತು. ಲಕ್ಷ್ಮಿಯ ಟೈಂಟೇಬಲ್ ಮಾತ್ರ ಬದಲಾಗಿಲ್ಲ. ನಗಬೇಡಿ. ಹತ್ತಿರ ಹತ್ತಿರ ಮೂವತ್ತು ವರ್ಷದ ಹಿಂದೆ, ಬೇಗೂರು ಹೋಬಳಿಯ ಒಂದು ಊರಿನಲ್ಲಿ ಇದೇ ನಂಬಿಕೆಯಿಂದ ಹೆಂಗಸರ ಹಾಲಿನ ಡೇರಿಯೊಂದು ಮುಚ್ಚುವುದರಲ್ಲಿತ್ತು. ತಪ್ಪು ಲಕ್ಷ್ಮಿಯದಲ್ಲ, ಆ ಹೆಂಗಸರದೂ ಅಲ್ಲ. ಬಹುಪಾಲು ನನ್ನದು.

ನಾನು ಆಗ ಆ ಊರಿನ ಶಾಲೆಗೆ ಮೇಷ್ಟ್ರು. ಮದುವೆಯಾಗಿರಲಿಲ್ಲ. ಹೆದ್ದಾರಿಯಲ್ಲಿ ಬಸ್ಸಿಳಿದು ಚೆಂಡುಹೂವಿನ ಹೊಲ, ಅರಿಶಿನದ ಹೊಲ ದಾಟಿ ಅರ್ಧ ಗಂಟೆ ನಡೆದರೆ ಊರು. ಮೇಲಿನ ಬೀದಿಯ ಒಂದು ಮನೆಯ ಹೊರಕೋಣೆ ನನ್ನ ಬಿಡಾರ. ಊರಿನಲ್ಲಿ ಇದ್ದದ್ದು ಎರಡೇ ಬೀದಿ, ಮೇಲಿನದು ಮತ್ತು ಕೆಳಗಿನದು. ಮೇಲಿನ ಬೀದಿಯವರು ಕೆಳಗಿನ ಬೀದಿಯವರ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಹೇಳಬೇಕಾದ ಸಂದರ್ಭವೇ ಬಾರದ ಹಾಗೆ ಎರಡೂ ಕಡೆಯವರು ನಡೆದುಕೊಳ್ಳುತ್ತಿದ್ದರು.

ಹಾಲು ಒಕ್ಕೂಟದವರು ಹೆಂಗಸರದೇ ಒಂದು ಸಂಘ ಮಾಡಿಕೊಂಡರೆ ಗಾಡಿ ಕಳಿಸುತ್ತೇವೆ ಎಂದರು. ಅರ್ಜಿ ಬರೆಯಬೇಕಿತ್ತು. ನನ್ನ ಅಕ್ಷರ ದುಂಡಗಿತ್ತು. ಲೋಕದಲ್ಲಿ ಎಷ್ಟೋ ಜನ ಹೀಗೆ ಅಕ್ಷರ ದುಂಡಗಿರುವ ಒಂದೇ ಕಾರಣಕ್ಕೆ ಸಾರ್ವಜನಿಕ ಸೇವೆಗೆ ಬಿದ್ದಿದ್ದಾರೆ. ಅರ್ಜಿ ಬರೆದವನು ಬೈಲಾ ಓದಿ ಹೇಳಬೇಕಾಯಿತು. ಬೈಲಾ ಓದಿದವನು ಭಾಷಣ ಮಾಡಬೇಕಾಯಿತು. ಭಾಷಣ ಮಾಡುತ್ತ ಮಾಡುತ್ತ ನಾನೇ ಅದನ್ನು ನಂಬತೊಡಗಿದೆ. ‘ಹನಿ ಹನಿ ಗೂಡಿದರೆ ಹಳ್ಳ’ ಎಂದು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಹೆಂಗಸರು ಸೆರಗಿನೊಳಗೆ ಆಕಳಿಸುತ್ತ ಕೇಳಿದರು.

ಸಹಕಾರ ಎನ್ನುವುದು ಭಾಷಣದಷ್ಟು ಸಲೀಸಲ್ಲ ಎಂದು ನನಗೆ ಗೊತ್ತಿರಬೇಕಾಗಿತ್ತು. ಉಮ್ಮತ್ತೂರಿನಲ್ಲಿ ನಮ್ಮ ಭಾವ ಮತ್ತು ನಾಲ್ಕು ಜನ ಸ್ನೇಹಿತರು ಸೇರಿ ಒಂದು ಹಳೇ ಟ್ರ್ಯಾಕ್ಟರ್ ತಂದಿದ್ದರು. ಐದು ಜನರೂ ಎಳವೆಯಿಂದ ಒಂದೇ ತಟ್ಟೆಯಲ್ಲಿ ಉಂಡವರು. ಮೊದಲ ಮಳೆ ಬಿದ್ದ ಮಾರನೆಯ ಬೆಳಗ್ಗೆ ಐದು ಜನರಿಗೂ ಒಟ್ಟಿಗೇ ಉಳುವುದಿತ್ತು, ಏಕೆಂದರೆ ಮಳೆ ಐದು ಜನರ ಹೊಲಕ್ಕೂ ಒಟ್ಟಿಗೇ ಬಿದ್ದಿತ್ತು. ಇದು ಮೊದಲೇ ಯಾರಿಗೂ ಹೊಳೆದಿರಲಿಲ್ಲ. ಆ ವರ್ಷದ ಕೊನೆಗೆ ಟ್ರ್ಯಾಕ್ಟರ್ ಹುಣಸೆಮರದಡಿ ನಿಂತಿತ್ತು. ಕೀಲಿ ಒಬ್ಬರ ಮನೆಯಲ್ಲಿ, ಬ್ಯಾಟರಿ ಇನ್ನೊಬ್ಬರ ಮನೆಯಲ್ಲಿ, ನೇಗಿಲು ಭಾವನ ಹಿತ್ತಲಿನಲ್ಲಿ. ಅದರ ಸೀಟನ್ನು ಯಾರು ಒಯ್ದರು, ಯಾಕೆ ಒಯ್ದರು ಎಂಬುದು ಈವತ್ತಿಗೂ ಗೊತ್ತಾಗಿಲ್ಲ.

ಇರಲಿ, ನಮ್ಮ ಡೇರಿಗೆ ಬರೋಣ. ಮೊದಲ ಸಭೆಯಲ್ಲಿ ಅಧ್ಯಕ್ಷೆ ಯಾರಾಗಬೇಕು ಎಂಬ ಪ್ರಶ್ನೆ ಬಂತು. ಒಬ್ಬೊಬ್ಬರೂ ಪಕ್ಕದವರ ಹೆಸರು ಹೇಳಿದರು, ಪಕ್ಕದವರು ಅವರ ಪಕ್ಕದವರ ಹೆಸರು ಹೇಳಿದರು. ಸುತ್ತು ಮುಗಿದರೂ ಅಧ್ಯಕ್ಷೆ ಸಿಗಲಿಲ್ಲ. ಕಡೆಗೆ ಆ ದಿನ ಊರಿನಲ್ಲೇ ಇಲ್ಲದ ಗೌರಮ್ಮಣ್ಣಿಯವರನ್ನು ಒಮ್ಮತದಿಂದ ಆರಿಸಲಾಯಿತು. ಅವರು ಮೇಲಿನ ಬೀದಿಯ ಹಿರಿಯ ಹೆಂಗಸು. ಎರಡು ಹಸು, ಒಂದು ಎಮ್ಮೆ, ಊರಿಗೆಲ್ಲ ಕೇಳುವ ಧ್ವನಿ. ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದ ಅವರು ಸಂಜೆ ಬಂದವರೇ ಕೈಚೀಲವನ್ನೂ ಒಳಗಿಡದೆ ನನ್ನ ಕೋಣೆಗೆ ಬಂದರು.

“ಏನ್ ಮೇಷ್ಟ್ರೆ, ನನ್ ಕೇಳ್ದೆನೆ ನನ್ನ ಅಧ್ಯಕ್ಷಿಣಿ ಮಾಡ್ಬುಟ್ರಂತಲ್ಲ? ಒಂದೊತ್ತು ನೆಂಟ್ರ ಮನೆಗೆ ಓಗ್ಬುಟ್ಟು ಬರೋಗಂಟ ಕಾಯಕ್ಕಾಗ್ಲಿಲ್ವ?”

ಬೈದರೇ ಹೊರತು ಬೇಡ ಎನ್ನಲಿಲ್ಲ. ಮಾರನೆಯ ದಿನ ಇಳಕಲ್ ಸೀರೆ ಉಟ್ಟು ಫೋಟೊ ತೆಗೆಸಿಕೊಳ್ಳಲು ಗುಂಡ್ಲುಪೇಟೆಗೆ ಹೋದರು.

ಕಾರ್ಯದರ್ಶಿಯ ವಿಷಯದಲ್ಲಿ ಮಾತ್ರ ಆಯ್ಕೆಯೇ ಇರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ, ಹಾಲು ಪರೀಕ್ಷೆಯ ತರಬೇತಿಗೆ ಮೈಸೂರಿಗೆ ಹೋಗಿಬರಲು ಮನೆಯಲ್ಲಿ ಒಪ್ಪಿಗೆ ಇದ್ದವರು ಒಬ್ಬರೇ. ಅವರು ಕೆಳಗಿನ ಬೀದಿಯ ತಾಯಮ್ಮ. ಗಂಡ ಗಾರೆ ಕೆಲಸದವನು. ತಾಯಮ್ಮ ಅದಕ್ಕೆ ಮುಂಚೆ ಎರಡು ವರ್ಷ ವಯನಾಡಿನ ಶುಂಠಿ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದರು. ಮೇಸ್ತ್ರಿಯ ಜೀಪು ಬೆಳಗಿನ ಜಾವ ಬಂದು ಹೆಂಗಸರನ್ನು ತುಂಬಿಕೊಂಡು ಹೋದರೆ ಮತ್ತೆ ಊರು ಕಾಣುವುದು ವಾರಗಳ ಮೇಲೆ. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಹೋಗುತ್ತಿದ್ದರು. ಒಂದು ಸಲ ಬಂದಾಗ ಮಗು ಇವರನ್ನು ನೋಡಿ ಅಜ್ಜಿಯ ಸೀರೆಯ ಹಿಂದೆ ಅಡಗಿಕೊಂಡಿತಂತೆ. ಅಜ್ಜಿಯನ್ನೇ ‘ಅವ್ವ’ ಅಂದಿತಂತೆ. ಇದನ್ನು ತಾಯಮ್ಮ ನನಗೆ ಹೇಳಿದ್ದು ನಗುನಗುತ್ತಲೇ. ಆದರೆ ಹೇಳಿ ಮುಗಿಸಿದ ಮೇಲೆ ಬಹಳ ಹೊತ್ತು, ಹಾಲಿಗೆ ಬೆರೆಸಿದ ನೀರನ್ನು ಪತ್ತೆಹಚ್ಚುವ ಲ್ಯಾಕ್ಟೋಮೀಟರನ್ನು ಒರೆಸುತ್ತ ಕೂತಿದ್ದರು. ಡೇರಿ ನಿಂತರೆ ಅವರು ಮನೆಯಲ್ಲಿರಬಹುದು, ಬಿದ್ದರೆ ಜೀಪು ಹತ್ತಬೇಕು. ನಮಗೆಲ್ಲ ಅದು ಸಂಘ. ಅವರಿಗೆ ಅದು ಮಗಳು.

ಪಂಚಾಯಿತಿಯವರು ಸಂಘಕ್ಕೆ ಬರೆದುಕೊಟ್ಟ ಒಂದು ರೂಮಿನಲ್ಲಿ ಡೇರಿ ಶುರುವಾಯಿತು. ಮೊದಲ ತಿಂಗಳು ಬೇರೆಯದೇ ರಗಳೆ. ಮೇಲಿನ ಬೀದಿಯವರು ತಮ್ಮ ಚೊಂಬನ್ನು ಒಂದು ಮೊಳ ಎತ್ತರದಲ್ಲಿ ಹಿಡಿದು ತಾಯಮ್ಮನ ಅಳತೆ ಪಾತ್ರೆಗೆ ಹಾಲು ಸುರಿಯುತ್ತಿದ್ದರು, ಒಂದಕ್ಕೊಂದು ತಾಗದ ಹಾಗೆ. ನೆಲದ ಮೇಲೆಲ್ಲ ಹಾಲು ಚೆಲ್ಲಿ ಇರುವೆಗಳಿಗೆ ಸುಗ್ಗಿ. ಎರಡು ಬೀದಿಗೆ ಎರಡು ಕ್ಯಾನು ಇಡಿ ಎಂದೂ ಕೆಲವರು ಕೇಳಿದರು. ನಾನು ಸಮಾನತೆಯ ಬಗ್ಗೆ ಒಂದು ಭಾಷಣ ತಯಾರು ಮಾಡಿಕೊಂಡೆ. ಅದನ್ನು ಮಾಡುವ ಮೊದಲೇ ಗಾಡಿಯ ಡ್ರೈವರು, “ಈ ಊರಿಗೆ ಒಂದೇ ಕ್ಯಾನಿಗೆ ಜಾಗ ಇರೋದು. ಬೇಕಾದ್ರೆ ಹಾಕಿ, ಬ್ಯಾಡಾದ್ರೆ ಬುಡಿ” ಅಂದ. ಅವನಿಗೆ ಸಮಾಜ ಸುಧಾರಿಸುವ ಉದ್ದೇಶವೇನೂ ಇರಲಿಲ್ಲ. ಬೇಗೂರು ತಲುಪುವುದು ತಡವಾಗುತ್ತಿತ್ತು, ಅಷ್ಟೆ. ಎರಡು ಬೀದಿಯ ಹಾಲೂ ಒಂದೇ ಕ್ಯಾನಿನಲ್ಲಿ ಬೆರೆಯಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸಂಜೆ ಹಾಲು ಹಾಕುವ ಹೊತ್ತು ಎಷ್ಟೆಂದು ಅರ್ಜಿಯಲ್ಲಿ ಬರೆಯಬೇಕಿತ್ತು. ಅದು ಬೇಸಿಗೆ. ಆರೂವರೆಗೂ ಬಿಸಿಲು ಗೋಡೆಯ ಮೇಲೆಯೇ ಇರುತ್ತಿತ್ತು. ಹೆಂಗಸರು ಕೂಲಿಯಿಂದ ಐದೂವರೆಗೆ ಬಂದು, ಹಸು ಕರೆದು, ಆರೂವರೆಗೆ ಹಾಲು ತಂದರೆ ಸರಿಹೋಗುತ್ತದೆ ಎಂದು ನಾನು ‘ಸಂಜೆ ಆರೂವರೆ’ ಎಂದು ಬರೆದೆ. ಗಾಡಿಯ ದಾರಿಯೂ ಅದಕ್ಕೇ ಹೊಂದಿಕೊಂಡಿತು. ಯಾರೂ ಚಕಾರ ಎತ್ತಲಿಲ್ಲ. ಮನೆಯಲ್ಲಿ ದೀಪ ಹಚ್ಚುವವರೇ ಇಲ್ಲದ ಬ್ರಹ್ಮಚಾರಿ ನಾನು. ಕೋಣೆಯಲ್ಲಿ ಇದ್ದದ್ದು ಸೀಮೆಎಣ್ಣೆಯ ಬುಡ್ಡಿ, ಅದನ್ನು ಪುಸ್ತಕದ ಅಕ್ಷರ ಕಾಣದಾದಾಗ ಹಚ್ಚುತ್ತಿದ್ದೆ. ಹೊತ್ತು ಮುಳುಗುವ ಸಮಯ ವರ್ಷವಿಡೀ ಒಂದೇ ಇರುವುದಿಲ್ಲ ಎಂದು ಐದನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡಿದವನೂ ನಾನೇ.

ಕಾರ್ತೀಕ ಬಂತು. ಆರು ಗಂಟೆಗೆಲ್ಲ ಕತ್ತಲು. ಬೀದಿಯುದ್ದಕ್ಕೂ ಹೊಸಿಲ ಮೇಲೆ ದೀಪಗಳು. ಮೊದಲ ದಿನ ಸಂಜೆ ಡೇರಿಗೆ ಅರ್ಧದಷ್ಟು ಹಾಲು ಬಂತು. ಎರಡನೆಯ ದಿನ ಇನ್ನೂ ಕಡಿಮೆ. ಮೂರನೆಯ ದಿನ ತಾಯಮ್ಮನ ಮನೆಯದೂ ಇನ್ನಿಬ್ಬರದೂ ಬಿಟ್ಟರೆ ಹಾಲೇ ಇಲ್ಲ. ಬೆಳಗಿನ ಹಾಲಿಗೆ ಯಾವ ತೊಂದರೆಯೂ ಇರಲಿಲ್ಲ. ಸಂಜೆಯದನ್ನು ಮಾತ್ರ ಹೆಂಗಸರು ಮನೆಯಲ್ಲೇ ಕಾಯಿಸಿ ಹೆಪ್ಪು ಹಾಕತೊಡಗಿದರು. ಕೇಳಿದರೆ ಎಲ್ಲರದೂ ಒಂದೇ ಉತ್ತರ: “ದೀಪ ಅಚ್ಚಿದ್ ಮ್ಯಾಲೆ ಎಂಗ್ ಮೇಷ್ಟ್ರೆ ಆಲು ಆಚಿಗ್ ಕೊಡದು?”

ಏನೇನು ಮಾಡಲಿಲ್ಲ ನಾವು! ಗಾಡಿ ಬೇಗ ಬರಲಿ ಎಂದೆವು. ಅದು ದಾರಿಯ ಇನ್ನೊಂದು ತುದಿಯಿಂದ ಬರುವುದು, ಆಗದು ಎಂದರು. ಹಸು ಬೇಗ ಕರೆಯಿರಿ ಎಂದೆವು. ಹೆಂಗಸರು ಹೊಲದಿಂದ ಬರುವುದೇ ಐದೂವರೆಗೆ. ಒಂದಿಬ್ಬರು ಜಾಣೆಯರು ದೀಪ ಹಚ್ಚುವ ಮೊದಲೇ ಹಾಲನ್ನು ಹೊಸಿಲಾಚೆ ತಂದು ಜಗಲಿಯ ಮೇಲಿಟ್ಟು, ಒಳಗೆ ಹೋಗಿ ದೀಪ ಹಚ್ಚಿ, ಆಮೇಲೆ ಡೇರಿಗೆ ತಂದರು. ಉಪಾಯ ಚೆನ್ನಾಗಿತ್ತು. ಮೂರೇ ದಿನದಲ್ಲಿ ಊರಿನ ಬೆಕ್ಕುಗಳಿಗೂ ಅದು ಗೊತ್ತಾಯಿತು.

ಉಳಿದದ್ದು ಒಂದೇ ದಾರಿ, ದೀಪವನ್ನು ಅರ್ಧ ಗಂಟೆ ತಡವಾಗಿ ಹಚ್ಚುವುದು. ಮೇಲಿನ ಬೀದಿಯಲ್ಲಿ ಗೌರಮ್ಮಣ್ಣಿ ದೀಪ ಹಚ್ಚಿದ್ದನ್ನು ನೋಡಿಕೊಂಡೇ ಉಳಿದವರು ಹಚ್ಚುತ್ತಿದ್ದದ್ದು. ಸಂಜೆ ಹಾಲು ನಿಲ್ಲಿಸಿದವರಲ್ಲಿ ಮೊದಲಿಗರೂ ನಮ್ಮ ಅಧ್ಯಕ್ಷೆಯೇ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ದುಂಡಗಿನ ಅಕ್ಷರದವನು ಹೋದೆ. ಗೌರಮ್ಮಣ್ಣಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಸೂರ್ಯ ಮುಳುಗೋದು ನಿಮ್ ಡೇರಿ ಗಾಡಿ ಕೇಳ್ಕಂಡಾ ಮೇಷ್ಟ್ರೆ?”

ಚಪ್ಪಲಿ ಮೆಟ್ಟಿಕೊಂಡು ವಾಪಸು ಬಂದೆ.

ಒಕ್ಕೂಟದಿಂದ ಡೇರಿ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಮಾತು ಮೆತ್ತಗೆ. “ನೋಡಿ ಮೇಷ್ಟ್ರೇ, ಎರಡು ಹೊತ್ತೂ ಹಾಲು ಬಂದ್ರೆ ಮಾತ್ರ ಸಂಘ ನೋಂದಣಿಗೆ ನಾನು ಬರೆಯೋಕಾಗೋದು. ನಾಲ್ಕು ಲೀಟರಿಗೆ ಗಾಡಿ ತಿರುಗಿಸಿದ್ರೆ ನನ್ನ ಕೇಳ್ತಾರೆ. ಹದಿನೈದು ದಿನ ನೋಡ್ತೀನಿ. ಕೊನೇ ದಿನ ಸೋಮವಾರ ಸಂಜೆ ನಾನೇ ಗಾಡೀಲಿ ಬರ್ತೀನಿ.” ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಕಷ್ಟ. ತಪ್ಪು ಮಾಡಿದವರ ಮೇಲೆ ಸಿಟ್ಟು ಮಾಡಿಕೊಂಡಾದರೂ ಹಗುರಾಗಬಹುದು.

ಹನ್ನೆರಡು ದಿನ ಹಾಗೆಯೇ ಕಳೆದವು. ಶುಕ್ರವಾರ ಬೆಳಗ್ಗೆ ಡೇರಿಯಲ್ಲಿ ತಾಯಮ್ಮ ಕ್ಯಾನು ತೊಳೆಯುತ್ತ ನನ್ನ ಕಡೆ ನೋಡದೆ ಹೇಳಿದರು. “ಮಂಗಳವಾರ ಮೇಸ್ತ್ರಿ ಜೀಪು ಬತ್ತದಂತೆ. ಬಾ ಅಂದವ್ರೆ. ಸೋಮವಾರ ಸಂದೆಗಂಟ ಟೈಂ ಕೊಡಿ ಅಂದಿವ್ನಿ.”

“ಇನ್ನೇನಾದ್ರೂ ನೋಡೋಣ ತಾಯಮ್ಮ” ಅಂದೆ.

“ಮಗು ಈಗೀಗ ನನ್ನ ಅವ್ವ ಅಂತದೆ ಮೇಷ್ಟ್ರೆ. ಇನ್ನೊಂದ್ಸಲ ಶುಂಠಿಗೋದ್ರೆ ಪೂರ್ತಿ ಮರ್ತ್ಬುಡ್ತದ ಕಣಿ.”

ಸಂಜೆ ಆರೂವರೆ ಎಂದು ಬರೆದ ಕೈ ನನ್ನದಲ್ಲವೆ? ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬೈಲಾ ಪುಸ್ತಕ ಹಿಡಿದು ಗೌರಮ್ಮಣ್ಣಿಯವರ ಜಗಲಿಗೆ ಹೋದೆ. ಅದರಲ್ಲಿ ಏನು ಹುಡುಕಬೇಕೆಂದು ನನಗೇ ಗೊತ್ತಿರಲಿಲ್ಲ. ಅವರು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ಕೂರಿಸಿ ಒಂದು ಮೊರ ನನ್ನ ಮುಂದೆಯೂ ಇಟ್ಟರು. ಸುಲಿಯುತ್ತ ಓದುತ್ತ ಹೋದೆ. ಬೇಸರದಿಂದಲೋ ದಾಕ್ಷಿಣ್ಯದಿಂದಲೋ ಅವರು ಹೂಂಗುಟ್ಟುತ್ತಿದ್ದರು. ‘ಸಂಘದ ಎಲ್ಲ ಸ್ವತ್ತೂ ಸದಸ್ಯರೆಲ್ಲರಿಗೂ ಸೇರಿದ್ದು’ ಎಂಬಲ್ಲಿಗೆ ಬಂದಾಗ ಅವರ ಕೈ ನಿಂತಿತು.

“ಇನ್ನೊಂದ್ಸಲ ಓದಿ.”

ಓದಿದೆ.

“ಅಂದ್ರೆ ಆ ಡೇರಿ ರೂಮು ಯಾರ್ದು?”

“ನಿಮ್ದೆ.”

“ನಂದಾ?”

“ನಿಮ್ಮೆಲ್ರುದೂ.”

“ಗೌರ್ಮೆಂಟ್ದಲ್ವಾ? ಆ ಸಾಯೇಬ್ರುದಲ್ವಾ?”

“ಅಲ್ಲ.”

“ಕ್ಯಾನೂವೆ?”

“ಕ್ಯಾನೂವೆ.”

ಗೌರಮ್ಮಣ್ಣಿ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆರು ತಿಂಗಳು ಗಂಟಲು ಹರಿದುಕೊಂಡು ಸಹಕಾರ ಸಹಕಾರ ಎಂದವನು ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ ಎಂಬ ನೋಟ ಅದು. ನಾನು ಹೇಳಿದ್ದೆ. ಆದರೆ ಪುಸ್ತಕದ ಮಾತಿನಲ್ಲಿ ಹೇಳಿದ್ದೆ.

“ಅಂಗಾದ್ರೆ ಆಲು ಮನೆ ಬುಟ್ಟು ಎಲ್ಲೋಯ್ತು ಮೇಷ್ಟ್ರೆ? ಅಡುಗೆಮನೆಯಿಂದ ಇತ್ಲಿಗೆ ತಗಂಡೋದಂಗೆ ತಾನೆ? ನಮ್ಮನೆ ಆಲು ನಮ್ಮನೆಗೋದ್ರೆ ಲಕ್ಷ್ಮಿ ಯಾಕ್ ಮುನಿಸ್ಕತಳೆ?” ಎಂದವರು ಮತ್ತೆ ಯೋಚನೆಗೆ ಬಿದ್ದರು. “ಆದ್ರೆ ಅದಿನ್ನೂ ಮನೆ ಆಗಿಲ್ಲ ಕಣಿ. ಆಲು ಉಕ್ಸಿಲ್ಲ, ದೀಪ ಮಡಗಿಲ್ಲ. ಆಲು ಉಕ್ಸದೆ ಇರೋದು ಮನೆ ಎಂಗಾದದು? ಗೋಡವುನ್ ಆಯ್ತದೆ.”

ಸೋಮವಾರ ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಡೇರಿಯ ಗೃಹಪ್ರವೇಶ ಎಂದು ಅಧ್ಯಕ್ಷೆ ಊರಿಗೆಲ್ಲ ಸಾರಿದರು. ಅಧ್ಯಕ್ಷೆಯಾದ ಮೇಲೆ ಅವರು ಮಾಡಿದ ಮೊದಲ ಆಜ್ಞೆ ಅದು.

ಸೋಮವಾರ ಡೇರಿ ರೂಮಿನ ಮುಂದೆ ಸಾರಿಸಿ ರಂಗೋಲಿ ಹಾಕಿದ್ದರು. ಮಾವಿನ ಸೊಪ್ಪು ಕಟ್ಟಿದ್ದರು. ಮೂರು ಕಲ್ಲಿನ ಒಲೆಯ ಮೇಲೆ ಹೊಸ ಪಾತ್ರೆ. ಪ್ರತಿ ಮನೆಯಿಂದಲೂ ಒಂದೊಂದು ಚೊಂಬು ಹಾಲು ತರಬೇಕೆಂದು ಹೇಳಿತ್ತು, ತಂದಿದ್ದರು. ಮೇಲಿನ ಬೀದಿಯವರು ಬಾಗಿಲಿನ ಬಲಕ್ಕೆ, ಕೆಳಗಿನ ಬೀದಿಯವರು ಎಡಕ್ಕೆ ನಿಂತಿದ್ದರು. ಯಾರೂ ಒಲೆಯ ಹತ್ತಿರ ಹೋಗಲಿಲ್ಲ. ಆಗ ತಾಯಮ್ಮ ಮೆಲ್ಲಗೆ ಕೇಳಿದರು. “ಯಾರ್ ಉಕ್ಕುಸ್ಬೇಕು ಅವ್ವೋರೆ?”

ಮನೆಯ ಹಾಲನ್ನು ಮನೆಯೊಡತಿ ಉಕ್ಕಿಸಬೇಕು. ಈ ಮನೆಗೆ ಯಾರು ಒಡತಿ? ಜಗಲಿಯಲ್ಲಿ ಅವರೆಕಾಯಿ ಸುಲಿಯುವಾಗ ಗೌರಮ್ಮಣ್ಣಿಗಾಗಲಿ ನನಗಾಗಲಿ ಈ ಪ್ರಶ್ನೆ ಹೊಳೆದಿರಲಿಲ್ಲ. ಬಲಗಡೆ ಗುಸುಗುಸು ಶುರುವಾಯಿತು. ಗೌರಮ್ಮಣ್ಣಿ ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಒಲೆ ನೋಡಿದರು. ತಾಯಮ್ಮ ನೆಲ ನೋಡುತ್ತ ನಿಂತಿದ್ದರು.

“ದಿನಾ ಈ ಮನೆ ಕದ ತಗೆಯೋಳು ಯಾರಮ್ಮಿ?” ಎಂದರು ಗೌರಮ್ಮಣ್ಣಿ.

“ನಾನೇಯ.”

“ಕಸ ಗುಡ್ಸೋಳು?”

“ನಾನೇಯ.”

“ಮತ್ತಿನ್ಯಾರ್ನ ಕೇಳೀಯೆ? ಉಕ್ಸು.”

ತಾಯಮ್ಮ ಮುಂದೆ ಬಂದು ಮೊದಲ ಚೊಂಬನ್ನು ತೆಗೆದುಕೊಂಡರು. ಅದು ಗೌರಮ್ಮಣ್ಣಿಯವರದೇ. ಪಾತ್ರೆಗೆ ಸುರಿಯುವ ಮೊದಲು, ಆರು ತಿಂಗಳ ಅಭ್ಯಾಸಬಲದಿಂದ, ಪಕ್ಕದಲ್ಲಿದ್ದ ಲ್ಯಾಕ್ಟೋಮೀಟರನ್ನು ಅದರಲ್ಲಿ ಇಳಿಬಿಟ್ಟರು!

“ಗೃಹಪ್ರವೇಶದ ಆಲ್ಗೂ ನೀರ್ ಬೆರ್ಸಿವ್ನಿ ಅಂತ ನೋಡಿಯಮ್ಮಿ?” ಎಂದರು ಗೌರಮ್ಮಣ್ಣಿ. ಎಡಗಡೆಯವರು ನಕ್ಕರು. ಬಲಗಡೆಯವರೂ ನಕ್ಕರು. ತಾಯಮ್ಮನೂ ನಾಲಿಗೆ ಕಚ್ಚಿಕೊಂಡು ನಕ್ಕರು. ಆಮೇಲೆ ಚೊಂಬುಗಳೆಲ್ಲ ಒಂದೊಂದಾಗಿ ಬಂದವು, ಯಾವ ಬೀದಿಯದು ಯಾವುದೆಂದು ನೋಡುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಹಾಲು ಉಕ್ಕಿತು. ಸಕ್ಕರೆ ಹಾಕಿ ಲೋಟಗಳಿಗೆ ಬಗ್ಗಿಸಿದರು. ಮೊದಲ ಲೋಟವನ್ನು ತಾಯಮ್ಮ ಗೌರಮ್ಮಣ್ಣಿಯವರ ಮುಂದೆ ನೆಲದ ಮೇಲಿಟ್ಟರು, ಕೈಗೆ ಕೊಡಲಿಲ್ಲ. ಗೌರಮ್ಮಣ್ಣಿ ಬಗ್ಗಿ ಎತ್ತಿಕೊಂಡರು. ಮೇಲಿನ ಬೀದಿಯವರು ಹೊರಗೆ ಎಲ್ಲೇ ಕುಡಿದರೂ ಲೋಟ ಎತ್ತಿ ಕುಡಿಯುವುದು ರೂಢಿ. ಅವರು ಕಚ್ಚಿ ಕುಡಿದರು, ಮನೆಯಲ್ಲಿ ಕುಡಿಯುವ ಹಾಗೆ.

ಆಮೇಲೆ ಅವರು ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡರು ಎಂದು ಯಾರೋ ಹೇಳಿದರು. ಹಾಕಿಕೊಂಡಿರಬಹುದು. ಮಾರನೆಯ ದಿನದಿಂದ ಚೊಂಬನ್ನು ಎತ್ತರದಲ್ಲಿ ಹಿಡಿದು ಸುರಿಯುವುದನ್ನಂತೂ ಬಿಟ್ಟರು.

ಇಲ್ಲಿಗೆ ನಿಲ್ಲಿಸಿದರೆ ನನ್ನ ಮರ್ಯಾದೆ ಉಳಿಯುತ್ತದೆ. ಆದರೆ ಮಾತು ಶುರುಮಾಡಿದ ಮೇಲೆ ಪೂರ್ತಿ ಹೇಳಿಬಿಡಬೇಕು. ಎರಡನೆಯ ಲೋಟವನ್ನು ತಾಯಮ್ಮ ನನ್ನ ಮುಂದೆ ತಂದರು. ನನ್ನ ಮನೆಯ ಯಜಮಾನರು, ಅಂದರೆ ಹೊರಕೋಣೆ ಬಾಡಿಗೆಗೆ ಕೊಟ್ಟವರು, ಬೀದಿಯ ಆಚೆ ನಿಂತು ನೋಡುತ್ತಿದ್ದರು. ಅವರ ಮುಖ ಬಿಗಿದಿತ್ತು. ನಾನು, ಸಹಕಾರದ ಭಾಷಣಕಾರ, ಕೈ ಅಡ್ಡ ಹಿಡಿದು ಅಂದೆ: “ಬೇಡ ತಾಯಮ್ಮ, ನನಗೆ ಹಾಲು ಆಗೋದಿಲ್ಲ. ಹೊಟ್ಟೆಗೆ ಸೇರೋದಿಲ್ಲ.” ತಾಯಮ್ಮ ಒಂದು ಗಳಿಗೆ ನಿಂತು, “ಆಯ್ತು ಬುಡಿ ಮೇಷ್ಟ್ರೆ” ಎಂದು ಲೋಟವನ್ನು ಮುಂದಿನವರಿಗೆ ಕೊಟ್ಟರು.

ಆ ಸಂಜೆ ಬೀದಿಯಲ್ಲಿ ದೀಪಗಳು ಹತ್ತಿದವು. ಡೇರಿಯ ಗೂಡಿನಲ್ಲೂ ಒಂದು ಹತ್ತಿತು. ಆರೂವರೆಗೆ ಗೌರಮ್ಮಣ್ಣಿ ಚೊಂಬು ಹಿಡಿದು ಮುಂದೆ, ಅವರ ಹಿಂದೆ ಒಬ್ಬೊಬ್ಬರಾಗಿ ಹೆಂಗಸರು. ಸಾಹೇಬರು ಗಾಡಿಯಿಂದ ಇಳಿದು ಬಂದಾಗ ಕ್ಯಾನು ಕಂಠಮಟ್ಟ ತುಂಬಿತ್ತು. ಅವರು ಏನೂ ಕೇಳದೆ ಹಾಳೆಯ ಮೇಲೆ ಏನೋ ಬರೆದುಕೊಂಡು ಹೋದರು. ಮಂಗಳವಾರ ಬೆಳಗಿನ ಜಾವ ಜೀಪಿನ ಹಾರನ್ನು ಕೇಳಿ ನನಗೆ ಎಚ್ಚರವಾಯಿತು. ಅದು ಕೆಳಗಿನ ಬೀದಿಯಲ್ಲಿ ನಿಂತಿತು, ಹೊರಟಿತು. ಬೆಳಗ್ಗೆ ಡೇರಿಯ ಬಾಗಿಲು ತೆರೆದಿತ್ತು. ತಾಯಮ್ಮ ಕಸ ಗುಡಿಸುತ್ತಿದ್ದರು. ಅಷ್ಟು ನಿರಾಳವಾಗಿ ಉಸಿರುಬಿಟ್ಟದ್ದು ನನ್ನ ಜೀವನದಲ್ಲಿ ಬಹಳ ಸಲ ಇಲ್ಲ.

ನನಗೆ ವರ್ಗವಾಯಿತು, ಮದುವೆಯಾಯಿತು, ಪುಣಜನೂರು ಕಡೆಯ ಶಾಲೆಗಳಲ್ಲೆಲ್ಲ ಸುತ್ತಿ ಚಾಮರಾಜನಗರದಲ್ಲಿ ಮನೆ ಮಾಡಿ ನಿವೃತ್ತನೂ ಆದೆ. ಆ ಊರಿಗೆ ಆಗೊಮ್ಮೆ ಈಗೊಮ್ಮೆ ಹೋಗುತ್ತಿದ್ದೆ. ಹೋದಾಗಲೆಲ್ಲ ತಾಯಮ್ಮ ಎಲ್ಲರಿಗೂ ಕಾಫಿ ಕೊಟ್ಟು, “ಮೇಷ್ಟ್ರಿಗೆ ಆಲು ಆಗಕ್ಕಿಲ್ಲ” ಎಂದು ನನಗೊಬ್ಬನಿಗೆ ಎಳನೀರು ತರಿಸುತ್ತಿದ್ದರು. ಮನೆಯಲ್ಲಿ ಕೆನೆಗಾಗಿ ಜಗಳವಾಡುವ ನಾನು ಅಲ್ಲಿ ಎಳನೀರು ಕುಡಿದು ಬರುತ್ತಿದ್ದೆ. ಒಂದು ಸುಳ್ಳನ್ನು ಸಾಕುವುದು ಎಮ್ಮೆ ಸಾಕಿದಷ್ಟೇ ಕಷ್ಟ. ದಿನಾ ಮೇವು ಹಾಕಬೇಕು. ಬರಬರುತ್ತ ಹೋಗುವುದನ್ನೇ ಕಡಿಮೆ ಮಾಡಿದೆ.

ತಾಯಮ್ಮ ನಿವೃತ್ತರಾಗುತ್ತಿದ್ದಾರೆ, ಬನ್ನಿ ಎಂದು ಡೇರಿಯವರು ವಾಟ್ಸಾಪಿನಲ್ಲಿ ಕಳಿಸಿದ್ದ ಆಹ್ವಾನ ಹೋದ ವಾರವೇ ಬಂದಿತ್ತು. ‘ಹಾರ್ದಿಕ ಶುಭಾಶಯಗಳು’ ಎಂದು ಒತ್ತಿ ಸುಮ್ಮನಾಗಿದ್ದೆ. ಮೊನ್ನೆ ಪೇಪರಿನ ಹಿಂದೆ ಕೂತು ಇದೆಲ್ಲ ನೆನೆದ ಮೇಲೆ ಸುಮ್ಮನಿರಲು ಆಗಲಿಲ್ಲ. ನಿನ್ನೆ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ಮೈಸೂರು ಬಸ್ಸು ಹಿಡಿದು ಆ ಊರಿನ ತಿರುವಿನಲ್ಲಿ ಇಳಿದೆ.

ಡೇರಿಗೆ ಈಗ ಹೊಸ ಕಟ್ಟಡ. ಹಾಲು ತಣ್ಣಗಿಡುವ ದೊಡ್ಡ ಉಕ್ಕಿನ ತೊಟ್ಟಿ. ಗೋಡೆಯ ಮೇಲೆ ಇಳಕಲ್ ಸೀರೆಯ ಗೌರಮ್ಮಣ್ಣಿ, ಹಾರ ಹಾಕಿದ ಫೋಟೊದಲ್ಲಿ, ಈಗಲೂ ಬೈಯುವವರ ಹಾಗೆ ನೋಡುತ್ತಿದ್ದರು. ನನಗೂ ಎರಡು ಮಾತಾಡಲು ಹೇಳಿದರು. ಹನಿ ಹನಿ ಗೂಡಿದರೆ ಎಂದು ಶುರುಮಾಡಿ, ಮುಂದೆ ಹೊಳೆಯದೆ, ತಾಯಮ್ಮನಿಗೆ ಕೈಮುಗಿದು ಕೂತೆ. ಸಭೆ ಮುಗಿದ ಮೇಲೆ ತಾಯಮ್ಮ ಮನೆಗೆ ಕರೆದರು. ಗುಂಡ್ಲುಪೇಟೆಯಲ್ಲಿ ನರ್ಸ್ ಆಗಿರುವ ಮಗಳು ತಟ್ಟೆಯ ತುಂಬ ಬಿಸಿ ಹಾಲಿನ ಲೋಟಗಳನ್ನು ತಂದು, “ಅವ್ವ, ಸಾಕಾದದಾ ನೋಡು” ಎಂದಳು.

“ಮೇಷ್ಟ್ರಿಗೆ ಬ್ಯಾಡ ಕಣಮ್ಮಿ. ಅವ್ರಿಗೆ ಆಗಕ್ಕಿಲ್ಲ. ಎಳ್ನೀರು ತಗಂಬಾ.”

“ಬೇಡ” ಅಂದೆ. “ಎಳನೀರು ಬೇಡ ತಾಯಮ್ಮ. ಹಾಲೇ ಕೊಡಿ. ನನಗೆ ಹಾಲು ಆಗುತ್ತೆ. ಆವತ್ತೂ ಆಗ್ತಿತ್ತು. ಸುಳ್ಳು ಹೇಳಿದ್ದೆ.”

ತಾಯಮ್ಮ ತಟ್ಟೆಯಿಂದ ಒಂದು ಲೋಟ ತೆಗೆದು ನೆಲದ ಮೇಲಿಡದೆ ನನ್ನ ಕೈಗೇ ಕೊಟ್ಟರು. ಕಣ್ಣಲ್ಲಿ ನಗು ತುಂಬಿತ್ತು.

“ಡೇರಿ ಶುರುವಾದಾಗ್ಲಿಂದ ದಿನಾ ಬೆಳಗ್ಗೆ ನಿಮ್ ರೂಮಿಗೆ ಅರ್ಧ ಲೀಟ್ರು ಆಲು ಅಳ್ದು ಕೊಡ್ತಿದ್ದೋಳು ನಾನೇ ಅಲ್ವ ಮೇಷ್ಟ್ರೆ? ಆವತ್ತು ಅಲ್ಲಿದ್ದೋರ್ಗೆಲ್ಲ ಗೊತ್ತಿತ್ತು. ಗೌರಮ್ಮಣ್ಣಿಯೋರ್ಗೂ ಗೊತ್ತಿತ್ತು.”

ಕೊಂಡ ನನಗೇ ಅದು ನೆನಪಿರಲಿಲ್ಲ. “ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ನೀವಾಗೇ ಕೇಳ್ಲಿ ಅಂತ ಇದ್ದೆ.”

ಕಚ್ಚಿಯೇ ಕುಡಿದೆ. ಸಕ್ಕರೆ ತುಸು ಜಾಸ್ತಿಯಾಗಿತ್ತು. ಇನ್ನೊಂದು ಲೋಟ ಇದೆಯಾ ಎಂದು ಕೇಳಿದೆ.